ಅಕ್ಷರಜ್ಞಾನವೂ ಲೋಕವ್ಯವಹಾರವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಇಂಥ ಮಹೋತ್ಸವಗಳಲ್ಲಿ ಧರ್ಮ, ಇತಿಹಾಸ, ಸಾಹಿತ್ಯಗಳನ್ನು ಕುರಿತು ಮಾತನಾಡುವದು ವಾಡಿಕೆ. ವ್ಯಾಕರಣ-ಕಾವ್ಯಗಳನ್ನು ಓದುತ್ತ ಓದಿಸುತ್ತ ಆಯುಷ್ಯದ ಬಹುಭಾಗವನ್ನು ಪಾಠಶಾಲೆಯಲ್ಲಿಯೇ ಕಳೆದ ನನ್ನಂಥವನಿಂದ ತಾವೂ ಅಂಥದೇ ವಿಷಯವನ್ನು ನಿರೀಕ್ಷಿಸಿರಬಹುದು. ಆದರೆ ಈ ದಿವಸ ನಾನು ಆರಿಸಿಕೊಂಡ ವಿಷಯವು ಶಾಸ್ತ್ರದ್ದಲ್ಲ. ಶಾಸ್ತ್ರದ ಹೊಸ್ತಿಲನ್ನೇ ತುಳಿಯಲಾರದೆ ಹೊರಗೆ ನಿಂತವರದು. ಓದುಬರಹ ಬಾರದೆ ಇರುವದರಿಂದ ಮನುಷ್ಯನ ನಿತ್ಯದ ಬಾಳುವೆಗೆ ಏನಾಗುವದು, ಪ್ರಜೆಯೆಂದು ಅವನಿಗೆ ದೊರೆತ ಅಧಿಕಾರಕ್ಕೆ ಏನಾಗುವದು ಎಂಬದನ್ನು ಯಥಾಮತಿ ವಿಚಾರಿಸಬೇಕೆಂದಿರುವೆನು. ಇದು ದೂರದ ಮಾತಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ಬೀದರ ಜಿಲ್ಲೆಯಲ್ಲಿ ಏಳು ವರ್ಷಕ್ಕೆ ಮೇಲ್ಪಟ್ಟವರೊಳಗೆ ಅಕ್ಷರಸ್ಥರು ನೂರಕ್ಕೆ ಸುಮಾರು 70 ಮಂದಿ. ಗಂಡಸರಲ್ಲಿ 79, ಹೆಂಗಸರಲ್ಲಿ 61. ಎಂದರೆ ಆ ಎಣಿಕೆಯ ಕಾಲಕ್ಕೆ ಈ ಜಿಲ್ಲೆಯ ಹತ್ತು ಜನ ತಾಯಂದಿರಲ್ಲಿ ನಾಲ್ವರು ತಮ್ಮ ಹೆಸರಿನ ಕಾಗದವನ್ನು ತಾವೇ ಓದಲಾರದವರಾಗಿದ್ದರು.

ಮೊದಲು ಶಬ್ದಗಳನ್ನು ನೋಡೋಣ. ಓದು ಬಾರದವನನ್ನು ನಮ್ಮ ಜನರು ‘ನಿರಕ್ಷರಕುಕ್ಷಿ’ ಎನ್ನುವರು, ‘ಅಕ್ಷರಶತ್ರು’ ಎನ್ನುವರು. ಕೆಲವರು ‘ಹೆಬ್ಬೆಟ್ಟು’ ಎಂದೇ ಕರೆದುಬಿಡುವರು. ಒಡಲಲ್ಲಿ ಅಕ್ಷರವಿಲ್ಲದವನೆಂಬದು ಮೊದಲನೆಯದರ ಅರ್ಥ. ಅಕ್ಷರಕ್ಕೆ ಹಗೆಯಾದವನೆಂಬದು ಎರಡನೆಯದರದು. ಈ ಎರಡನೆಯ ಶಬ್ದವನ್ನು ಕೇಳಿದಾಗಲೆಲ್ಲ ನನಗೆ ನ್ಯಾಯದ ವಿಚಾರ ಬರುವದು. ಒಬ್ಬ ಕೂಲಿಕಾರನು ಅಕ್ಷರದೊಡನೆ ಎಂದು ಯುದ್ಧಕ್ಕೆ ಹೋದನು? ಅವನ ಬಾಲ್ಯದಲ್ಲಿ ಅಕ್ಷರವು ಅವನ ಮನೆಯ ಕಡೆಗೆ ಸುಳಿಯಲೇ ಇಲ್ಲ. ಮುಂದೆ ಬಂದಾಗ ಯಾವ ವೇಷದಿಂದ ಬಂದಿತು? ಸಾಲದ ಪತ್ರವಾಗಿ ಬಂದಿತು, ಕೋರ್ಟಿನ ಸಮನ್ಸಾಗಿ ಬಂದಿತು, ಜಪ್ತಿಯ ನೋಟೀಸಾಗಿ ಬಂದಿತು. ಆದುದರಿಂದ ಇವನು ಅಕ್ಷರಕ್ಕೆ ಶತ್ರುವಾದನೆಂಬದಕ್ಕಿಂತ ಅಕ್ಷರವೇ ಇವನಿಗೆ ಶತ್ರುವಾಗಿ ಬಂದಿತೆಂಬದು ಹೆಚ್ಚು ಸತ್ಯ.

ಇನ್ನೊಂದು ತಪ್ಪು ತಿಳುವಳಿಕೆಯನ್ನೂ ಇಲ್ಲಿಯೇ ಕಳೆಯಬೇಕು. ಅಕ್ಷರವಿಲ್ಲದವನು ಅಜ್ಞಾನಿಯೆಂಬದು ಸುಳ್ಳು. ಯಾವ ನಕ್ಷತ್ರದ ಮಳೆಗೆ ತೊಗರಿ ಬಿತ್ತಬೇಕು, ಯಾವ ನೆಲಕ್ಕೆ ಉದ್ದು ಒಗ್ಗುವದು, ಯಾವ ಎತ್ತಿನ ನಡೆಯಲ್ಲಿ ಯಾವ ದೋಷವುಂಟು ಎಂಬದನ್ನು ಅರಿತ ಒಕ್ಕಲಿಗನು ಒಂದು ಶಾಸ್ತ್ರವನ್ನೇ ಅರಿತವನು. ಬೀಸುವ ಕಲ್ಲಿನ ಮುಂದೆ ಕುಳಿತು ಬೆಳತನಕ ಹಾಡಿದರೂ ಪದಗಳು ತೀರದಂಥ ತಾಯಂದಿರನ್ನು ನಾವೆಲ್ಲರೂ ಕಂಡವರೇ. ನಮ್ಮ ಪಾಠಶಾಲೆಗಳ ವಿದ್ಯೆಯೂ ಕಿವಿಯಿಂದಲೇ ಬಂದುದಾಗಿದೆ; ವೇದಕ್ಕೆ ‘ಶ್ರುತಿ’ ಎಂಬ ಹೆಸರು ಸುಮ್ಮನೆ ಬರಲಿಲ್ಲ. ಈ ಕಲ್ಯಾಣದ ನೆಲದಲ್ಲಿ 12ನೆಯ ಶತಮಾನದೊಳಗೆ ಕಟ್ಟಿಗೆಯ ಹೊರೆ ಮಾರಿದ ಮೋಳಿಗೆಯ ಮಾರಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಅಕ್ಕಿ ಆಯ್ದ ಲಕ್ಕಮ್ಮ ಇವರೆಲ್ಲ ಜನರಾಡುವ ಕನ್ನಡದಲ್ಲಿಯೇ ತಮ್ಮ ಅನುಭಾವವನ್ನು ನುಡಿದರು. ಓದು ಬಾರದವನಿಗೂ ಅದು ಕಿವಿಗೆ ಬಿದ್ದೊಡನೆ ತಿಳಿಯುವಂತಿತ್ತು.

ಆದರೆ ಆ ನುಡಿಗಳ ಮುಂದಿನ ಚರಿತ್ರೆಯೇ ನಮಗೊಂದು ಪಾಠವನ್ನು ಕಲಿಸುವದು. ತಾಡವೋಲೆಗಳಲ್ಲಿ ಬರೆದಿಟ್ಟ ವಚನಗಳ ಕಟ್ಟುಗಳು ಎಷ್ಟೋ ಮನೆಗಳಲ್ಲಿ ಅರಿವೆಯಲ್ಲಿ ಸುತ್ತಿ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳರಾಗಿದ್ದರು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಅಂಥ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಅಚ್ಚು ಮಾಡಿಸಿದ ಮೇಲೆಯೇ ಅವು ಲೋಕಕ್ಕೆ ತಿಳಿದವು. ಓದಲ್ಪಡದ ಬರಹಕ್ಕೆ ಎರಡೇ ಗತಿ: ಒಂದೋ ಅದನ್ನು ಪೂಜಿಸುವರು, ಇಲ್ಲವೆ ಅದಕ್ಕೆ ಹೆದರುವರು. ನಮ್ಮ ಬಡಮನೆಗಳ ಟ್ರಂಕಿನಲ್ಲಿರುವ ಕಾಗದಗಳಿಗೂ ಇದೇ ಗತಿಯಾಗಿದೆ. ಹೊಲದ ಪತ್ರ, ಬ್ಯಾಂಕಿನ ಪುಸ್ತಕ, ವಿಮೆಯ ಚೀಟಿ, ತೀರಿಹೋದ ಸಾಲದ ರಸೀದಿ, ತೀರದ ಸಾಲದ ನೋಟೀಸು ಎಲ್ಲವೂ ಒಂದೇ ಗಂಟಿನಲ್ಲಿ. ಯಾವುದು ಕಾಯುವ ಕಾಗದ, ಯಾವುದು ಕಾಡುವ ಕಾಗದ ಎಂಬದು ಮನೆಯವರಿಗೇ ತಿಳಿಯದು.

ಹಿಂದಿನ ಕಾಲದಲ್ಲಿ ಇಷ್ಟು ಬಾಧೆ ಏಕಿರಲಿಲ್ಲವೆಂದು ಕೆಲವರು ಕೇಳುವರು. ಉತ್ತರವು ಸ್ಪಷ್ಟವಾಗಿದೆ. ಆಗ ಊರಿನ ವ್ಯವಹಾರವು ಬಹುಮಟ್ಟಿಗೆ ಬಾಯಿಮಾತಿನಿಂದ ನಡೆಯುತ್ತಿತ್ತು. ಹತ್ತು ಜನರೆದುರು ಆಡಿದ ಮಾತೇ ದಸ್ತೈವಜು. ಪಂಚರ ನೆನಪೇ ದಫ್ತರು. ಮಾತು ಆಳುವಲ್ಲಿ ಓದಿದವನೂ ಓದದವನೂ ಸಮಾನರು, ಯಾಕಂದರೆ ಮಾತು ಇಬ್ಬರಿಗೂ ಬರುವದು. ಆಳ್ವಿಕೆಯು ಕಾಗದಕ್ಕೆ ಹೋದ ದಿವಸವೇ ಆ ಸಮಾನತೆ ಮುರಿಯಿತು. ಓದದವನು ಮೊದಲಿಗಿಂತ ದಡ್ಡನಾಗಲಿಲ್ಲ. ಅವನ ಸುತ್ತಲಿನ ಲೋಕವು ಅವನಿಗೆ ತಿಳಿಯದ ಭಾಷೆಯಲ್ಲಿ ಮಾತನಾಡತೊಡಗಿತು.

ನಮ್ಮ ಸೀಮೆಯಲ್ಲಿ ಈ ಕಷ್ಟವು ಇಮ್ಮಡಿಯಾಗಿ ಬಂದಿತು. 1948ರ ಸೆಪ್ಟೆಂಬರದ ವರೆಗೆ ಬೀದರವು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿತ್ತು. ಅಲ್ಲಿ 1880ರ ದಶಕದಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದು ಕಚೇರಿ-ಕೋರ್ಟುಗಳ ಭಾಷೆಯಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲಿಯೇ ನಡೆಸಿತು. ಉರ್ದು ಒಂದು ಮಧುರವಾದ ಭಾಷೆ. ಅದರ ಮೇಲೆ ನಮ್ಮ ದೂರಿಲ್ಲ. ಆದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಎಂಬ ಈ ಸೀಮೆಯಲ್ಲಿ ಒಂದು ವಿಚಿತ್ರ ಸ್ಥಿತಿಯುಂಟಾಯಿತು. ಕನ್ನಡವನ್ನು ಚೆನ್ನಾಗಿ ಓದಬಲ್ಲ ಪಂಡಿತನೂ ತಹಶೀಲ ಕಚೇರಿಯ ಮೆಟ್ಟಿಲೇರಿದೊಡನೆ ನಿರಕ್ಷರಿಯಾಗುತ್ತಿದ್ದನು. ಪಟವಾರಿಗಳ ಹಳೆಯ ಲೆಕ್ಕಪತ್ರಗಳಲ್ಲಿ ಮೋಡಿ ಲಿಪಿ ಬೇರೆ. ಇಂದಿಗೂ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಹೊಲದ ಕಾಗದವು ಉರ್ದುವಿನಲ್ಲಿಯೋ ಮೋಡಿಯಲ್ಲಿಯೋ ಇರುವದು. ಪದವೀಧರನಾದ ಮೊಮ್ಮಗನು ಅದನ್ನು ತಿರುವಿ ಮುರುವಿ ನೋಡಿ, ಓದಬಲ್ಲ ಮುದುಕರನ್ನು ಹುಡುಕುತ್ತ ಅಲೆಯುವನು. ಆಗ ಅವನಿಗೆ ಒಂದು ಕ್ಷಣವಾದರೂ ತಿಳಿಯಬೇಕು, ನಿರಕ್ಷರತೆ ಎಂಬದು ಮನುಷ್ಯನ ಬುದ್ಧಿಯ ದೋಷವಲ್ಲ, ಅವನಿಗೂ ಅವನನ್ನು ಆಳುವ ಬರಹಕ್ಕೂ ನಡುವೆ ಬಿದ್ದ ಅಂತರವೆಂದು.

ಆ ಅಂತರವನ್ನು ತುಂಬಲು ದುಡಿದವರನ್ನು ಇಂಥ ಸಭೆಯಲ್ಲಿ ಸ್ಮರಿಸದಿದ್ದರೆ ಕೃತಘ್ನತೆಯಾದೀತು. ಭಾಲ್ಕಿ ಹಿರೇಮಠದ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಆಳ್ವಿಕೆಯ ದಿನಗಳಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಸಂಗತಿಯು ಈ ಜಿಲ್ಲೆಯ ಮನೆಮಾತಾಗಿದೆ. ಅಕ್ಷರದಾನವು ಅನ್ನದಾನಕ್ಕೆ ಕಡಿಮೆಯಲ್ಲವೆಂದು ಅವರು ಬೋಧಿಸಿ ಸುಮ್ಮನಾಗಲಿಲ್ಲ, ಮಾಡಿ ತೋರಿಸಿದರು. 1951ರಲ್ಲಿ ಇಡಿಯ ಭಾರತದಲ್ಲಿಯೇ ಅಕ್ಷರಸ್ಥರು ನೂರಕ್ಕೆ 18 ಮಂದಿ ಮಾತ್ರ. ಹೆಂಗಸರಲ್ಲಿ 9ಕ್ಕೂ ಕಡಿಮೆ. ಅಲ್ಲಿಂದ ಇಲ್ಲಿಯ ವರೆಗೆ ಬಂದ ದಾರಿಯು ಸಣ್ಣದಲ್ಲ. ಆದರೂ ಉಳಿದವರ ಕಷ್ಟವು ಅವರ ಸಂಖ್ಯೆ ಇಳಿದಂತೆ ಇಳಿಯಲಿಲ್ಲ, ಏರಿತು. ಹತ್ತರಲ್ಲಿ ಎಂಟು ಜನರಿಗೆ ಓದು ಬಾರದ ಊರಿನಲ್ಲಿ ಎಲ್ಲರಿಗೂ ಓದಿ ಹೇಳುವ ಒಬ್ಬನಿರುವನು. ಹೆಚ್ಚಿನವರಿಗೆ ಓದು ಬರುವ ಊರಿನಲ್ಲಿ ಉಳಿದವರ ನೆನಪೇ ಯಾರಿಗೂ ಇರುವದಿಲ್ಲ.

ಈಗ ನಿತ್ಯದ ಬಾಳುವೆಯನ್ನು ನೋಡೋಣ. ಓದು ಬಲ್ಲ ನಾವು ಬೆಳಗಿನಿಂದ ಬೈಗಿನ ವರೆಗೆ ಎಷ್ಟು ಸಲ ಓದುತ್ತೇವೆಂಬದನ್ನು ಎಣಿಸುವದೇ ಇಲ್ಲ, ಉಸಿರನ್ನು ಎಣಿಸದ ಹಾಗೆ. ಬಸ್ ನಿಲ್ದಾಣಕ್ಕೆ ಹೋದರೆ ನಮ್ಮ ಸಾರಿಗೆ ಸಂಸ್ಥೆಯ ಬಸ್ಸಿನ ಫಲಕ ಕನ್ನಡದಲ್ಲಿ, ಗಡಿಯಾಚೆಯಿಂದ ಬರುವ ಬಸ್ಸಿನದು ದೇವನಾಗರಿಯಲ್ಲಿ. ಓದಲಾರದವನು ಪ್ರತಿಯೊಂದು ಬಸ್ಸಿನ ಮುಂದೆ ನಿಂತು ‘ಇದು ಎಲ್ಲಿಗೆ ಹೋಗ್ತದ್ರಿ’ ಎಂದು ಕೇಳಬೇಕು. ಒಂದೇ ಸಲ ಕೇಳುವದಾದರೆ ಅದು ದೊಡ್ಡ ಮಾತಲ್ಲ. ಆಯುಷ್ಯವೆಲ್ಲ ಕೇಳುವದು ಬೇರೆ. ಊರ ದಾರಿಯನ್ನು ಕೇಳುವವನು ಹೊಸಬನು. ತನ್ನ ಊರಿನ ಬಸ್ಸನ್ನೇ ದಿನಾಲು ಕೇಳುವವನು ತನ್ನ ನಾಡಿನಲ್ಲಿಯೇ ಪರದೇಶಿಯಾಗುವನು.

ಅಂಗಡಿಗೆ ಹೋಗಿ ಬೆಳೆಗೆ ಹೊಡೆಯುವ ಔಷಧವನ್ನು ತಂದನೆನ್ನಿರಿ. ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಸಿಂಪಡಿಸಿದ ಮೇಲೆ ಎಷ್ಟು ದಿವಸ ಕಾಯಿಯನ್ನು ಬಿಡಿಸಬಾರದು, ಮೈಗೆ ತಗುಲಿದರೆ ಏನು ಮಾಡಬೇಕು ಎಂಬದೆಲ್ಲವೂ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳಲ್ಲಿರುವದು. ಓದು ಬಾರದವರ ಸಲುವಾಗಿಯೇ ಕಾಯಿದೆಯು ಡಬ್ಬಿಯ ಮೇಲೆ ಬಣ್ಣದ ಗುರುತನ್ನು ಹಾಕಿಸಿದೆ: ಕೆಂಪು ಎಂದರೆ ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಕೆಂಪಿನ ಮೇಲೆ ತಲೆಬುರುಡೆಯ ಚಿತ್ರವೂ ಉಂಟು. ಇದನ್ನು ಈ ಸಭೆಯಲ್ಲಿರುವ ರೈತರು ನೆನಪಿನಲ್ಲಿಡಬೇಕೆಂದೇ ವಿಸ್ತರಿಸಿ ಹೇಳಿದೆನು. ಆದರೆ ಬಣ್ಣವು ಭಯವನ್ನು ಹೇಳಬಲ್ಲುದೇ ಹೊರತು ಪ್ರಮಾಣವನ್ನು ಹೇಳಲಾರದು. ದವಾಖಾನೆಯ ಔಷಧದ ಗತಿಯೂ ಅದೇ. ಊಟಕ್ಕೆ ಮೊದಲೋ ಆಮೇಲೋ, ದಿವಸಕ್ಕೆ ಎರಡೋ ಮೂರೋ, ಗುಳಿಗೆಯ ಅವಧಿ ತೀರಿದೆಯೋ ಇಲ್ಲವೋ ಎಂಬದನ್ನು ತಾಯಿಯು ಗುಳಿಗೆಯ ಬಣ್ಣದಿಂದ ನೆನಪಿಟ್ಟುಕೊಳ್ಳುವಳು. ಮುಂದಿನ ತಿಂಗಳು ಅದೇ ಔಷಧವು ಬೇರೆ ಬಣ್ಣದಲ್ಲಿ ಬಂದರೆ ಅವಳ ಲೆಕ್ಕವೆಲ್ಲ ಕೆಡುವದು.

ಮಕ್ಕಳ ಶಾಲೆಯಿಂದ ಚೀಟಿ ಬಂದರೆ ಅದನ್ನು ತಂದ ಮಗುವೇ ಓದಿ ಹೇಳಬೇಕು. ತನ್ನ ಮೇಲಿನ ದೂರನ್ನು ತಾನೇ ಓದುವ ಮಗುವು ಯಾವ ಅಕ್ಷರವನ್ನು ನುಂಗುವದೋ ಯಾರು ಬಲ್ಲರು? ಈ ಮಾತಿಗೆ ತಾವು ನಗುತ್ತೀರಿ. ಆದರೆ ಇದರೊಳಗೆ ಒಂದು ದುಃಖವುಂಟು. ಮನೆಯಲ್ಲಿ ತಂದೆತಾಯಿಗಳ ಸ್ಥಾನವು ಮಗುವಿಗೆ, ಮಗುವಿನ ಸ್ಥಾನವು ತಂದೆತಾಯಿಗಳಿಗೆ ಹೋಗುವದು. ಹತ್ತು ವರ್ಷದ ಹುಡುಗನು ಬ್ಯಾಂಕಿನಲ್ಲಿ ಅರ್ಜಿ ತುಂಬುವನು, ದವಾಖಾನೆಯಲ್ಲಿ ತಾಯಿಯ ರೋಗದ ಕಾಗದವನ್ನು ಓದುವನು. ಕೇಳಬಾರದ ಸುದ್ದಿಯನ್ನು ಅವನು ಮೊದಲು ಕೇಳುವನು.

ಇನ್ನು ಹೆಬ್ಬೆಟ್ಟಿನ ವಿಚಾರ. ‘ಹಿರಿದು’, ‘ಬೆಟ್ಟು’ ಎಂಬೆರಡು ಪದಗಳು ಕೂಡಿ ಹೆಬ್ಬೆಟ್ಟಾಯಿತೆಂದು ನಾವು ಪಾಠಶಾಲೆಯಲ್ಲಿ ಕಲಿಸುವೆವು. ಹಿರಿಯ ಬೆರಳೆಂದೇ ಅದರ ಅರ್ಥ. ಆ ಹಿರಿಯ ಬೆರಳು ಕಿರಿತನದ ಗುರುತಾದುದು ಈಚಿನ ಸಂಗತಿ. 1858ರಲ್ಲಿ ಬಂಗಾಲದ ಹರ್ಶೆಲ್ ಎಂಬ ಅಧಿಕಾರಿಯು ರಸ್ತೆಯ ಸಾಮಗ್ರಿಯ ಗುತ್ತೇದಾರನೊಬ್ಬನಿಂದ, ಅವನು ಮುಂದೆ ಕರಾರನ್ನು ಅಲ್ಲಗಳೆಯಬಾರದೆಂದು, ಕಾಗದದ ಮೇಲೆ ಅಂಗೈಯ ಮುದ್ರೆಯನ್ನು ಒತ್ತಿಸಿಕೊಂಡನು. ಅಲ್ಲಿಂದ ಬೆಳೆಯುತ್ತ 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಸ್ಥಾಪಿತವಾಯಿತು. ಇದರ ಮರ್ಮವನ್ನು ಲಕ್ಷ್ಯವಿಟ್ಟು ನೋಡಬೇಕು. ಬೆರಳಚ್ಚು ಮನುಷ್ಯನು ಯಾರೆಂಬದನ್ನು ಹೇಳುವದು. ಅವನು ಯಾವುದಕ್ಕೆ ಒಪ್ಪಿದನೆಂಬದನ್ನು ಹೇಳಲಾರದು. ಸಹಿಯೊಳಗೆ ಗುರುತೂ ಉಂಟು, ಓದಿ ಒಪ್ಪಿದೆನೆಂಬ ಅರ್ಥವೂ ಉಂಟು. ಹೆಬ್ಬೆಟ್ಟಿನಲ್ಲಿ ಗುರುತು ಮಾತ್ರ ಇರುವದು. ಒಪ್ಪಿಗೆಯು ಓದಿ ಹೇಳಿದವನ ಬಾಯಲ್ಲಿ ಉಳಿಯುವದು. ಅವನು ಪ್ರಾಮಾಣಿಕನಾದರೆ ಕ್ಷೇಮ. ಇಲ್ಲವಾದರೆ ಎಕರೆ ಹೋಗಿ ಎರಡೆಕರೆಯಾಗುವದು, ಕೈಸಾಲವು ಕ್ರಯವಾಗುವದು.

ಕಾಯಿದೆಯು ಓದದವನನ್ನು ಕೈಬಿಟ್ಟಿದೆಯೆಂದಲ್ಲ. 1897ರ ಸಾಮಾನ್ಯ ಪರಿಭಾಷೆಗಳ ಕಾಯಿದೆಯು ಹೆಸರು ಬರೆಯಲಾರದವನ ಗುರುತನ್ನೂ ಸಹಿಯೆಂದೇ ಎಣಿಸುವದು. ಓದು ಬಾರದವನು ಬರೆದುಕೊಟ್ಟ ಪತ್ರದ ಬಗ್ಗೆ ತಕರಾರು ಬಂದರೆ, ಅದನ್ನು ಅವನಿಗೆ ಓದಿ ತಿಳಿಸಲಾಗಿತ್ತೆಂದು ಸಿದ್ಧಪಡಿಸುವ ಭಾರವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಪತ್ರದ ಲಾಭ ಪಡೆಯುವವನ ಮೇಲೆಯೇ ಹೊರಿಸುವವು. ಪೊಲೀಸ ಠಾಣೆಯಲ್ಲಿ ಬಾಯಿಂದ ಹೇಳಿದ ಫಿರ್ಯಾದಿಯನ್ನು ಬರೆದುಕೊಂಡು, ಹೇಳಿದವನಿಗೆ ಓದಿ ತಿಳಿಸಿ, ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕೆಂದು ಕಾಯಿದೆಯುಂಟು. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೂ, ಬರೆಯಲಾರದವನು ಬಾಯಿಂದ ಕೇಳಿದರೆ ಅದನ್ನು ಬರಹಕ್ಕಿಳಿಸಲು ಅಧಿಕಾರಿಯೇ ಸಹಾಯ ಮಾಡತಕ್ಕದ್ದೆಂದು ಹೇಳುವದು. ಆದರೆ ನೋಡಿರಿ, ಈ ರಕ್ಷಣೆಗಳೆಲ್ಲವೂ ಎಲ್ಲಿವೆ? ಪುಸ್ತಕದಲ್ಲಿವೆ. ಓದಲಾರದವನ ರಕ್ಷಣೆಯನ್ನು ಓದಿದವನೇ ಅವನಿಗೆ ತಿಳಿಸಬೇಕು. ಬೀಗವು ಒಳಗಿದ್ದು ಕೀಲಿಯು ಹೊರಗಿದ್ದಂತೆ ಇದು.

ಈಚಿನ ವರ್ಷಗಳಲ್ಲಿ ಹೆಬ್ಬೆಟ್ಟು ಹೊಸ ರೂಪದಿಂದ ಮರಳಿ ಬಂದಿದೆ. 2010ರಿಂದ ಆಧಾರ ಸಂಖ್ಯೆಗಳು ಹಂಚಿಕೆಯಾದ ಮೇಲೆ ಓದಿದವನೂ ಓದದವನೂ ಯಂತ್ರದ ಮೇಲೆ ಬೆರಳನ್ನಿಡುವರು. ಈಗ ಎಲ್ಲರೂ ಹೆಬ್ಬೆಟ್ಟಿನವರೇ ಆದರಲ್ಲವೆ ಎಂದು ಕೆಲವರು ವಿನೋದ ಮಾಡುವರು. ಭೇದವು ಬೆರಳನ್ನಿಟ್ಟ ಮರುಕ್ಷಣದಲ್ಲಿರುವದು. ಓದಿದವನು ಪರದೆಯ ಮೇಲೆ ಬಂದ ಅಂಕಿಯನ್ನು ನೋಡುವನು. ಓದದವನು ಯಂತ್ರ ಹಿಡಿದವನ ಮುಖವನ್ನು ನೋಡುವನು. ಸಾವಿರ ರೂಪಾಯಿ ತೆಗೆದರೋ ಎರಡು ಸಾವಿರ ತೆಗೆದರೋ, ಪಡಿತರ ಐದು ಕಿಲೋ ಎಂದು ಬರೆದರೋ ಹತ್ತು ಎಂದು ಬರೆದರೋ ಅವನಿಗೆ ತಿಳಿಯುವ ಬಗೆಯಿಲ್ಲ. ಹೆಂಗಸರ ಗುಂಪುಗಳಿಗೆ ಸಾಲ ಕೊಡುವ ಸಂಸ್ಥೆಗಳ ಕಾಗದಗಳಲ್ಲಿಯೂ ಬಡ್ಡಿಯ ದರವು ಅಕ್ಷರದಲ್ಲಿರುವದು, ವಾರದ ಕಂತು ಮಾತ್ರ ಬಾಯಲ್ಲಿ ಬರುವದು. ಬಲಾತ್ಕಾರದ ವಸೂಲಿಯನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯವು ಕಾಯಿದೆಯನ್ನೇ ತರಬೇಕಾಯಿತು.

ಇಷ್ಟು ಬಾಳುವೆಯ ಮಾತಾಯಿತು. ಪ್ರಜಾಧಿಕಾರದ ವಿಷಯಕ್ಕೆ ಬರುವೆನು. ಬ್ರಿಟಿಷರ 1935ರ ಕಾಯಿದೆಯ ಕಾಲಕ್ಕೆ ಮತಾಧಿಕಾರವು ಆಸ್ತಿ, ತೆರಿಗೆ, ವಿದ್ಯೆಗಳನ್ನು ಅವಲಂಬಿಸಿತ್ತು. ಅಮೇರಿಕೆಯ ದಕ್ಷಿಣದ ರಾಜ್ಯಗಳಲ್ಲಿ ಓದುವ ಪರೀಕ್ಷೆಯನ್ನೊಡ್ಡಿ ಕರಿಯ ಜನರನ್ನು ಮತಗಟ್ಟೆಯಿಂದ ದೂರವಿಟ್ಟಿದ್ದರು. 1965ರ ಮತಾಧಿಕಾರದ ಕಾಯಿದೆಯು ಬಂದ ಮೇಲೆ ಆ ಕುತಂತ್ರವು ಮುರಿಯಿತು. ನಮ್ಮ ಸಂವಿಧಾನದ ಕರ್ತೃಗಳಾದರೋ ಬಹುಜನರು ಓದಲಾರದವರೆಂದು ಬಲ್ಲವರಾಗಿಯೂ, 326ನೆಯ ಅನುಚ್ಛೇದದಿಂದ ವಯಸ್ಸಿಗೆ ಬಂದ ಎಲ್ಲರಿಗೂ ಮತವನ್ನು ಕೊಟ್ಟರು. ಓದಿದ ಮೇಲೆ ಮನುಷ್ಯನಾಗುವನೆಂದು ಅವರು ತಿಳಿಯಲಿಲ್ಲ. ಮನುಷ್ಯನೆಂದೇ ಮತವನ್ನು ಕೊಟ್ಟರು.

1951–52ರ ಮೊದಲನೆಯ ಮಹಾಚುನಾವಣೆಯಲ್ಲಿ ಸುಮಾರು 17 ಕೋಟಿ ಮತದಾರರಿದ್ದರು. ಅವರಲ್ಲಿ ಬಹುಪಾಲು ಜನ ಓದು ಬಾರದವರು. ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಚಿಹ್ನೆಗಳ ಪದ್ಧತಿಯನ್ನು ನಡೆಸಿದರು. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಜೋಡೆತ್ತು, ಆಲದ ಮರ ಮೊದಲಾದ ಚಿತ್ರಗಳು. ಮತದಾರನು ತನಗೆ ಬೇಕಾದ ಚಿತ್ರದ ಪೆಟ್ಟಿಗೆಯಲ್ಲಿ ಕಾಗದವನ್ನು ಹಾಕಿದರಾಯಿತು. ಹೈದರಾಬಾದ ಸಂಸ್ಥಾನದ ಆಳ್ವಿಕೆಯನ್ನು ಮೂರುನಾಲ್ಕು ವರ್ಷಗಳ ಹಿಂದೆಯಷ್ಟೇ ದಾಟಿದ ನಮ್ಮ ಸೀಮೆಯ ಜನರೂ ಹಾಗೆಯೇ ಮೊದಲ ಮತವನ್ನು ಕೊಟ್ಟರು. ಓದು ಬಾರದವನನ್ನು ದೂರವಿಡದೆ, ವ್ಯವಸ್ಥೆಯನ್ನೇ ಅವನ ಹತ್ತಿರಕ್ಕೆ ತಂದ ಈ ಉದಾಹರಣೆಯು ನಮಗೆಲ್ಲ ಮಾದರಿಯಾಗತಕ್ಕದ್ದು. ಆದರೆ ಅದೇ ಚುನಾವಣೆಯ ಇನ್ನೊಂದು ಸಂಗತಿಯನ್ನು ಮರೆಯಬಾರದು. ಉತ್ತರದ ಪ್ರಾಂತಗಳಲ್ಲಿ ಬಹುಜನ ಹೆಂಗಸರು ತಮ್ಮ ಹೆಸರನ್ನು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಯಿಸಿದ್ದರಿಂದ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳು ಪಟ್ಟಿಯಿಂದ ಬಿದ್ದುಹೋದವು. ಬರಹದ ಲೋಕದಲ್ಲಿ ಹೆಸರಿಲ್ಲದವರಿಗೆ ಮತವೂ ಇಲ್ಲವಾಯಿತು.

ಇಂದು ಮತಯಂತ್ರದ ಮೇಲೆ ಚಿಹ್ನೆಯೂ ಉಂಟು, 2015ರಿಂದ ಉಮೇದುವಾರನ ಭಾವಚಿತ್ರವೂ ಉಂಟು. ಒಂದು ನಿಮಿಷದ ಆ ಕಾರ್ಯದಲ್ಲಿ ಓದದವನಿಗೆ ಕೊರತೆಯಿಲ್ಲ. ಆದರೆ ಪ್ರಜೆಯ ಅಧಿಕಾರವು ಐದು ವರ್ಷಕ್ಕೊಮ್ಮೆ ಗುಂಡಿ ಒತ್ತುವದರಲ್ಲಿಯೇ ಮುಗಿಯುವದೆ? ಮತದ ದಿವಸಕ್ಕೆ ಚಿತ್ರವುಂಟು. ಮಿಕ್ಕ ದಿವಸಗಳಿಗೆ ಅಕ್ಷರವೇ ಬೇಕು. 1993ರ ಪಂಚಾಯತ ರಾಜ್ಯ ಕಾಯಿದೆಯಂತೆ ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕು. ಫಲಾನುಭವಿಗಳ ಪಟ್ಟಿ, ಖರ್ಚಿನ ಲೆಕ್ಕ ಅಲ್ಲಿ ಜನರ ಮುಂದೆ ಬರಬೇಕು. ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಓದದವರ ಪಾಲಿಗೆ ಅದು ಬರಿಯ ಗೋಡೆಯೇ. 2005ರ ಉದ್ಯೋಗ ಖಾತರಿಯ ಕಾಯಿದೆಯು ಅರ್ಜಿ ಕೊಟ್ಟ 15 ದಿವಸಗಳಲ್ಲಿ ಕೆಲಸ, ಇಲ್ಲವಾದರೆ ಭತ್ಯೆ ಎಂದು ಹೇಳಿತ್ತು. ಆದರೆ ತಾರೀಖು ಬರೆದ ರಸೀದಿ ಕೈಯಲ್ಲಿಲ್ಲದೆ 15 ದಿವಸಗಳನ್ನು ಎಲ್ಲಿಂದ ಎಣಿಸುವದು? ಬಾಯಿಂದ ಕೆಲಸ ಕೇಳಿದವನ ಹಕ್ಕು ಗಾಳಿಗೆ ಹೋಗುತ್ತಿತ್ತು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371-ಜೆ ಅನುಚ್ಛೇದದಿಂದ ದೊರೆತ ಮೀಸಲಾತಿಯೂ ಅರ್ಹತೆಯ ಪ್ರಮಾಣಪತ್ರದ ಬಾಗಿಲಿನಿಂದಲೇ ಒಳಗೆ ಬರಬೇಕು. ಹಿಂದುಳಿದವರ ಸಲುವಾಗಿ ಬಂದ ಸೌಕರ್ಯವು ಹಿಂದುಳಿದವರೊಳಗೆ ಓದಿದವರಿಗೆ ಮೊದಲು ತಿಳಿದು, ಓದದವರ ಮಕ್ಕಳಿಗೆ ಅರ್ಜಿಯ ದಿನ ಮೀರಿದ ಮೇಲೆ ತಿಳಿಯುವದು.

ಪಂಚಾಯತಗಳಲ್ಲಿ ತಾಯಂದಿರಿಗೆ ಮೊದಲು ಮೂರನೆಯ ಒಂದು ಪಾಲು, 2010ರ ತಿದ್ದುಪಡಿಯಿಂದ ಅರ್ಧ ಪಾಲು ಸ್ಥಾನಗಳು ದೊರೆತುದು ನಮ್ಮ ರಾಜ್ಯಕ್ಕೆ ಭೂಷಣವೇ. ಆದರೆ ಸಭೆಯ ನಡಾವಳಿ ಪುಸ್ತಕವನ್ನು ಓದಲಾರದ ಸದಸ್ಯೆಯ ಪರವಾಗಿ ಅವಳ ಗಂಡನೋ ಮಗನೋ ಕುರ್ಚಿಯಲ್ಲಿ ಕುಳಿತುದನ್ನು ತಾವು ಕಂಡಿಲ್ಲವೆ? ಇದನ್ನು ನೋಡಿ ಕೆಲವರು, ಓದದವರನ್ನು ಚುನಾವಣೆಗೆ ನಿಲ್ಲಗೊಡಬಾರದೆಂದು ವಾದಿಸುವರು. ಹರಿಯಾಣದಲ್ಲಿ 2015ರಲ್ಲಿ ಅಂಥ ಕಾಯಿದೆ ಬಂದು, ಸರ್ವೋಚ್ಚ ನ್ಯಾಯಾಲಯವು ಅದೇ ಡಿಸೆಂಬರದಲ್ಲಿ ಅದನ್ನು ಎತ್ತಿಹಿಡಿಯಿತು; ರಾಜಸ್ಥಾನವು ತಾನು ತಂದ ಅದೇ ಬಗೆಯ ನಿಯಮವನ್ನು 2019ರಲ್ಲಿ ತೆಗೆದುಹಾಕಿತು. ನನ್ನ ಅಲ್ಪಮತಿಗೆ ತೋರುವದೇನಂದರೆ, ಶಾಲೆಯನ್ನು ಕಟ್ಟದೆ ಇದ್ದ ರಾಜ್ಯವು ಶಾಲೆಗೆ ಹೋಗಲಿಲ್ಲವೆಂದು ಪ್ರಜೆಯನ್ನು ದಂಡಿಸುವದು ನ್ಯಾಯವಲ್ಲ. ಸದಸ್ಯೆಗೆ ಓದು ಬಾರದಿದ್ದರೆ ಕುರ್ಚಿಯನ್ನು ಕಸಿಯುವದು ಪರಿಹಾರವಲ್ಲ. ನಡಾವಳಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವದು, ಅವಳಿಗೆ ಅಕ್ಷರವನ್ನು ಕಲಿಸುವದು ಪರಿಹಾರ.

ಎಲ್ಲಕ್ಕಿಂತ ಆಳವಾದ ಹಾನಿಯು ಇನ್ನೂ ಉಳಿದಿದೆ. ಅದು ನಾಚಿಕೆ. ಓದು ಬಾರದವನು ಕಚೇರಿಯಲ್ಲಿ ‘ಕನ್ನಡಕ ಮರೆತು ಬಂದೀನಿ, ತಾವೇ ಸ್ವಲ್ಪ ಓದ್ರಿ’ ಎನ್ನುವನು. ಕೈ ನೋವೆಂದು ಹೇಳಿ ಬರೆಯುವದನ್ನು ತಪ್ಪಿಸುವನು. ಸಭೆಯಲ್ಲಿ ಸಂಶಯ ಬಂದರೂ ಕೇಳುವದಿಲ್ಲ. ಕೇಳಿದರೆ ಕಾಗದವನ್ನು ಕೈಗೆ ಕೊಟ್ಟಾರೆಂಬ ಅಂಜಿಕೆ. ಹೀಗೆ ಹತ್ತು ಸಲ ಸುಮ್ಮನಾದವನು ಹನ್ನೊಂದನೆಯ ಸಲ ಸಭೆಗೇ ಬರುವದಿಲ್ಲ. ಜನರು ಅವನಿಗೆ ಊರಿನ ಕೆಲಸದಲ್ಲಿ ಆಸಕ್ತಿಯಿಲ್ಲವೆನ್ನುವರು. ಆಸಕ್ತಿಯಿಲ್ಲವೆಂದಲ್ಲ, ಮಾನಕ್ಕೆ ಅಂಜುವನು. ಬಡವನಿಗೆ ಹೊಲ ಹೋದರೂ ನಡೆದೀತು, ಮಾನ ಹೋಗಬಾರದು. ಆ ಮಾನವನ್ನು ಕಾಯುವದರಲ್ಲಿಯೇ ಎಷ್ಟೋ ಜನರು ತಮ್ಮ ಹಕ್ಕನ್ನು ಕಳೆದುಕೊಂಡಿದ್ದಾರೆ. ಆದುದರಿಂದ ‘ಅಕ್ಷರಶತ್ರು’ವೆಂಬ ಶಬ್ದವನ್ನು ನಾವು ಇನ್ನು ಮೇಲೆ ಬಾಯಲ್ಲಿ ತರಬಾರದು, ಕಲಿಯಲು ಬರುವವನ ಕಾಲಿಗೆ ಮೊದಲು ತಗಲುವ ಕಲ್ಲು ಅದೇ.

ಈಗ ಫೋನೇ ಮಾತನಾಡುವದು, ಕಾಗದವನ್ನು ಅದೇ ಓದಿ ಹೇಳುವದು, ಇನ್ನು ಮುದುಕರಿಗೆ ಅಕ್ಷರವೇಕೆ ಎಂಬ ಆಕ್ಷೇಪವುಂಟು. ಯಂತ್ರವು ಸಹಾಯ ಮಾಡುವದಾದರೆ ಬೇಡವೆನ್ನಬಾರದು. ಆದರೆ ಓದಿ ಹೇಳುವವನು ಪಟವಾರಿಯಿರಲಿ, ಮಗನಿರಲಿ, ಯಂತ್ರವಿರಲಿ, ಅದು ಸರಿಯಾಗಿ ಓದಿತೋ ಇಲ್ಲವೋ ಎಂದು ನೋಡುವ ಕಣ್ಣು ಯಾರದು? ಫೋನಿಗೆ ಬಂದ ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬಾರದೆಂದು ಆ ಸಂದೇಶದಲ್ಲಿಯೇ ಬರೆದಿರುವದು. ಓದಲಾರದವನು ಆ ಸಂಖ್ಯೆಯನ್ನು ಓದಿಸಲಿಕ್ಕೆಂದೇ ಇನ್ನೊಬ್ಬನ ಕೈಗೆ ಫೋನನ್ನು ಕೊಡುವನು.

ಹಾಗಾದರೆ ಮಾಡತಕ್ಕದ್ದೇನು? ಸರಕಾರವು 1988ರಲ್ಲಿ ಸಾಕ್ಷರತಾ ಮಿಷನ್ನನ್ನೂ, 2009ರಲ್ಲಿ ಸಾಕ್ಷರ ಭಾರತವನ್ನೂ, 2022ರಲ್ಲಿ ಸ್ವಯಂಸೇವಕರನ್ನು ಅವಲಂಬಿಸಿದ ಹೊಸ ಕಾರ್ಯಕ್ರಮವನ್ನೂ ತಂದಿತು. 1990ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯು ಪೂರ್ಣ ಸಾಕ್ಷರವೆಂದು ಘೋಷಿತವಾದುದು ಸಾವಿರಾರು ಸ್ವಯಂಸೇವಕರ ದುಡಿತದಿಂದ. ಕೆಲಸವು ಸಾಧ್ಯವೆಂಬದಕ್ಕೆ ಅದೇ ಸಾಕ್ಷಿ. ನಮ್ಮ ಸೀಮೆಯ ಮಠಗಳಿಗೆ ಈ ಕಾರ್ಯವು ಪರಕೀಯವಲ್ಲ. ನಾನು ಸನ್ನಿಧಿಯಲ್ಲಿ ಮೂರು ಅರಿಕೆಗಳನ್ನು ಮಾಡಿಕೊಳ್ಳುವೆನು.

ಒಂದನೆಯದು: ವಾರಕ್ಕೊಂದು ದಿವಸ, ಸೋಮವಾರವಾದರೂ ಆದೀತು, ಮಠದ ಪಡಸಾಲೆಯಲ್ಲಿ ಇಬ್ಬರು ಓದಬಲ್ಲವರು ಕುಳಿತು, ಯಾರು ಯಾವ ಕಾಗದವನ್ನು ತಂದರೂ ಪುಕ್ಕಟೆಯಾಗಿ ಓದಿ ಅರ್ಥ ಹೇಳಲಿ, ಕೇಳಿದ್ದನ್ನು ಹೊರಗೆ ಆಡದಿರಲಿ. ಉರ್ದು, ಮರಾಠಿ ಬಲ್ಲವರೂ ಒಬ್ಬರಿದ್ದರೆ ಉತ್ತಮ. ಎರಡನೆಯದು: ರಾತ್ರಿಯ ಶಾಲೆಯು ಕಲಿಯುವವರ ಬಿಡುವನ್ನು ನೋಡಿ ನಡೆಯಲಿ. ಸುಗ್ಗಿಯಲ್ಲಿ ಬಿಟ್ಟು ಬೇಸಿಗೆಯಲ್ಲಿ ಹೆಚ್ಚಿಸಲಿ. ತಾಯಂದಿರಿಗೆ ಅವರ ಓಣಿಯಲ್ಲಿಯೇ ನಡೆಯಲಿ. ಮೊದಲ ಪಾಠವು ‘ಅ ಆ’ದಿಂದಲೇ ಆರಂಭವಾಗಬೇಕೆಂಬ ಹಟ ಬೇಡ, ತನ್ನ ಹೆಸರು, ತನ್ನ ಊರು, ಅಂಕಿಗಳು, ಬ್ಯಾಂಕಿನ ಪುಸ್ತಕದ ಜಮೆ-ಖರ್ಚಿನ ಸಾಲುಗಳು, ಇವುಗಳಿಂದ ಆರಂಭವಾಗಲಿ. ಸಹಿ ಮಾಡಲು ಕಲಿತ ಮಾತ್ರಕ್ಕೆ ಅಕ್ಷರಸ್ಥರೆಂದು ಬರೆದುಕೊಳ್ಳುವ ಮೋಸವಂತೂ ಬೇಡ. ಓದಲಾರದವನ ಸಹಿಯು ಹೆಬ್ಬೆಟ್ಟಿಗಿಂತ ಅಪಾಯಕರ, ಯಾಕಂದರೆ ಅದನ್ನು ನೋಡಿದವರು ಇವನು ಓದಿಯೇ ಒಪ್ಪಿದನೆಂದು ತಿಳಿಯುವರು. ಮೂರನೆಯದು: ಈ ನಾಲ್ಕು ಮಾತುಗಳನ್ನು ಪ್ರತಿಯೊಂದು ಸಭೆಯಲ್ಲಿ ಸಾರಿ ಹೇಳಲಿ. ಖಾಲಿ ಕಾಗದದ ಮೇಲೆ ಬೆರಳನ್ನು ಒತ್ತಬೇಡಿರಿ. ಓದಿಸಿದ ಹೊರತು ಒಪ್ಪಬೇಡಿರಿ; ಸಾಧ್ಯವಾದರೆ ಒಬ್ಬರು ಓದಿದ್ದನ್ನು ಇನ್ನೊಬ್ಬರಿಂದ ಮತ್ತೊಮ್ಮೆ ಓದಿಸಿರಿ. ಕೊಟ್ಟ ಅರ್ಜಿಗೆ ತಾರೀಖಿನ ರಸೀದಿಯನ್ನು ಕೇಳಿರಿ. ಸಹಿ ಮಾಡಿದ ಪತ್ರದ ಒಂದು ಪ್ರತಿಯನ್ನು ಮನೆಗೆ ತನ್ನಿರಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಕ್ಷರವಾಗದ್ದು, ಎಂದರೆ ನಾಶವಾಗದ್ದು, ಅಕ್ಷರವೆಂದು ನಿಮಗೆ ಕಲಿಸಿದ್ದೇವೆ. ಆದರೆ ಹಂಚದೆ ಇಟ್ಟುಕೊಂಡವನ ಅಕ್ಷರವು ಅವನೊಡನೆಯೇ ಮಣ್ಣಾಗುವದು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಓದು ಬಾರದ ಒಬ್ಬರಾದರೂ ಇದ್ದೇ ಇರುವರು. ಅವರಿಗೆ ಕಾಗದವನ್ನು ಓದಿ ಹೇಳುವಾಗ ದೊಡ್ಡಸ್ತಿಕೆಯನ್ನು ತೋರಿಸಬೇಡಿರಿ. ನೀವು ಓದಿದ್ದು ಅವರ ದುಡಿತದಿಂದಲೇ. ಈ ಮಹೋತ್ಸವದ ಗ್ರಂಥವು ಅಚ್ಚಾಗಿ ಮನೆಮನೆಗೆ ಬಂದಾಗ ಅದನ್ನು ಜಗಲಿಯ ಮೇಲಿಟ್ಟು ಹೂ ಏರಿಸಿ ಸುಮ್ಮನಾಗಬೇಡಿರಿ. ದೀಪ ಹಚ್ಚುವ ಹೊತ್ತಿಗೆ ಅಜ್ಜಿಯ ಹತ್ತಿರ ಕುಳಿತು ಗಟ್ಟಿಯಾಗಿ ಓದಿರಿ. ಅವಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಿರಿ. ಆಮೇಲೆ ಅವಳ ಕೈಗೆ ಬಳಪವನ್ನು ಕೊಡಿರಿ.

ಪೂಜ್ಯರ ಆಶೀರ್ವಾದದಿಂದ ಈ ಮೂರು ಅರಿಕೆಗಳಲ್ಲಿ ಒಂದಾದರೂ ಈ ವರ್ಷವೇ ಕಾರ್ಯರೂಪಕ್ಕೆ ಬರಲೆಂದು ಬೇಡಿಕೊಂಡು, ನನ್ನ ಮಾತುಗಳನ್ನು ಮುಗಿಸುವೆನು.